ತುಂಗಕ್ಕನ ನೆಲಪಾನಕ

ನಮ್ಮೂರಿಗೆ ಬೇಸಿಗೆ ಬಂತೆಂದು ಮೊದಲು ಹೇಳುವುದು ಚಪ್ಪಲಿಗಳು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ತರಕಾರಿಯವಳ ಮುಂದೆ ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ನಿಂತಿರುತ್ತೇವೆ. ಅಂಗಾಲಿಗೂ ಚಪ್ಪಲಿಗೂ ನಡುವೆ ಗಾಳಿ ಸುಳಿದಂತಾಗುತ್ತದೆ. ಬಗ್ಗಿ ನೋಡಿದರೆ ಚಪ್ಪಲಿ ನೆಲದ ಮೇಲಿದೆ, ನಾವು ಅದಕ್ಕಿಂತ ಒಂದು ಬೆರಳು ಮೇಲಿದ್ದೇವೆ. "ಶುರುವಾಯ್ತು ನೋಡಿ" ಎಂದು ತರಕಾರಿಯವಳು ನಮ್ಮ ಸೆರಗಿನ ತುದಿಯನ್ನು ತನ್ನ ತೂಕದ ಕಲ್ಲಿನ ಕೆಳಗಿಟ್ಟು ವ್ಯಾಪಾರ ಮುಂದುವರಿಸುತ್ತಾಳೆ. ಸೆರಗು ಸುಕ್ಕಾಗದಂತೆ ಒಮ್ಮೆ ಸವರಿ ಇಡುತ್ತಾಳೆ. ಅದನ್ನು ಕಂಡಾಗಲೆಲ್ಲ ಈ ಊರಿಗೆ ಸೊಸೆಯಾಗಿ ಬಂದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತದೆ ನನಗೆ.

ಮಳೆ ಬೀಳುವ ತನಕ ನಾವು ಹೀಗೆ ಹಗುರ. ಬಿಸಿಲು ಏರಿದಂತೆ ನಾವೂ ಏರುತ್ತೇವೆ. ಬೇರೆ ಊರುಗಳಲ್ಲಿ ಮಾವಿನಕಾಯಿ ಕೀಳಲು ಇಟ್ಟುಕೊಳ್ಳುವ ಕೊಕ್ಕೆಯ ದೋಟಿ ನಮ್ಮಲ್ಲಿ ಪ್ರತಿ ಬಾಗಿಲ ಹಿಂದೆಯೂ ಇರುತ್ತದೆ, ಮನುಷ್ಯರನ್ನು ಇಳಿಸಿಕೊಳ್ಳಲು. ಸೊಂಟಕ್ಕೆ ಕಲ್ಲು ಕಟ್ಟಿಕೊಂಡರೆ ಸಾಲದೇ ಎಂದು ಹೊರಗಿನಿಂದ ಬಂದ ನೆಂಟರು ಕೇಳುತ್ತಾರೆ. ಸಾಲದು. ಮೈಬಿಸಿ ತಾಗಿದ ಕಲ್ಲು ಸ್ವಲ್ಪ ಹೊತ್ತಿಗೆ ತಾನೂ ಹಗುರವಾಗಿ ನಮ್ಮ ಜೊತೆಗೇ ಹೊರಟುಬಿಡುತ್ತದೆ. ನಮ್ಮ ಅತ್ತೆಯ ತಮ್ಮ ಒಬ್ಬರು ಮಟಮಟ ಮಧ್ಯಾಹ್ನ ಅಂಗಳದಲ್ಲಿ ಹಪ್ಪಳ ತಿರುವಿಹಾಕಲು ಹೋದವರು ಮತ್ತೆ ಸಿಗಲಿಲ್ಲವಂತೆ. ಮೊದಲ ಮಳೆಯ ದಿನ ಅವರ ಎಲೆಯಡಿಕೆ ಚೀಲ ಮಾತ್ರ ಹಿತ್ತಿಲಿಗೆ ಬಂದು ಬಿತ್ತಂತೆ.

ನಮ್ಮನ್ನು ನೆಲದ ಮೇಲೆ ಹಿಡಿದಿಡುವುದು ನೆಲಪಾನಕ. ಬೇಲದ ಹಣ್ಣನ್ನು ಒಡೆದು, ತಿರುಳನ್ನು ನೀರಿನಲ್ಲಿ ಕಿವುಚಿ, ಹಿಪ್ಪೆಯನ್ನು ಸೋಸಿ ತೆಗೆದು, ಆ ರಸಕ್ಕೆ ಅಚ್ಚುಬೆಲ್ಲ, ಏಲಕ್ಕಿ, ಅರ್ಧ ಪಾಲು ಈಚಲ ಹೆಂಡ ಸೇರಿಸಿದರೆ ಅದು ನೆಲಪಾನಕ. ಮಡಿ ಉಡುವವರೂ ಇದನ್ನು ಕುಡಿಯುತ್ತಾರೆ. ಕುಡಿಯುವಾಗ ಯಾರೂ ಹೆಂಡ ಎಂಬ ಮಾತು ಎತ್ತುವುದಿಲ್ಲ, ಅಷ್ಟೆ. ದಿನಕ್ಕೆ ಒಂದು ಲೋಟ ಕುಡಿದರೆ ಮಾರನೆಯ ಬಿಸಿಲಿನ ತನಕ ಕಾಲು ನೆಲ ಬಿಡುವುದಿಲ್ಲ. ಸಿಹಿಯೇ ಭಾರ ಎಂದು ಊರೆಲ್ಲ ನಂಬಿತ್ತು. ಹಾಗಾಗಿ ವರ್ಷ ವರ್ಷಕ್ಕೂ ಬೆಲ್ಲ ಹೆಚ್ಚುತ್ತ ಹೋಗಿ, ಕೊನೆಕೊನೆಗೆ ಲೋಟ ತುಟಿಗೆ ಅಂಟಿಕೊಳ್ಳುವಷ್ಟು ಆಗಿತ್ತು.

ನಮ್ಮ ಬೀದಿಯ ಹಂಡೆಯ ಪಾನಕ ಮಾಡುತ್ತಿದ್ದವಳು ತುಂಗಕ್ಕ, ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ತೀರಿಕೊಂಡ ಮೇಲೂ ನಾವಿಬ್ಬರು ಒಂದೇ ಒಲೆಯಲ್ಲಿ ಉಳಿದುಕೊಂಡೆವು. ನಾನು ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್‌ಸಿ. ಪಾಸು ಮಾಡಿ ಬಂದವಳು. "ನಮ್ ಸುಲೋಚನಾ ಓದಿದಾಳೆ. ಆದರೆ ಹಾಲು ಉಕ್ಕೋದು ಮಾತ್ರ ಅವಳಿಗೆ ಯಾವತ್ತೂ ಗೊತ್ತಾಗಲ್ಲ" ಎಂದು ಅಕ್ಕ ಎಲ್ಲರ ಹತ್ತಿರವೂ ಹೇಳುತ್ತಿದ್ದಳು. ಹೇಳುತ್ತಲೇ ಒಲೆಯ ಕಡೆ ಹೋಗಿ ನನ್ನ ಬದಲು ಹಾಲು ಇಳಿಸಿಟ್ಟಿರುತ್ತಿದ್ದಳು.

ಪಾನಕ ಮಾಡಿದವರು ಅದನ್ನು ನಡೆದು ತೋರಿಸಬೇಕು, ಅದು ನಮ್ಮಲ್ಲಿಯ ಪದ್ಧತಿ. ಬಿಸಿಲು ಬಲಿತ ಮೇಲಿನ ಹುಣ್ಣಿಮೆಯ ಸಂಜೆ, ಹೊಸ ಹಂಡೆಯಿಂದ ಒಂದು ಲೋಟ ಎಲ್ಲರೆದುರಿಗೆ ಕುಡಿದು, ಹಗ್ಗವಿಲ್ಲದೆ, ಯಾರ ಕೈಯನ್ನೂ ಹಿಡಿಯದೆ ಬಾವಿಬಯಲನ್ನು ದಾಟಬೇಕು. ಆ ಬಯಲಿನಲ್ಲಿ ಒಂದು ಮರವಿಲ್ಲ, ತಲೆಯ ಮೇಲೆ ಒಂದು ತಂತಿಯೂ ಇಲ್ಲ. ಆಚೆ ತುದಿಯ ಬಾವಿಕಟ್ಟೆ ಮುಟ್ಟಿದರೆ ಆ ಹಂಡೆ ಗಟ್ಟಿ ಎಂದು ಬೀದಿಯವರು ಚೊಂಬು ಹಿಡಿದು ಸಾಲು ನಿಲ್ಲುತ್ತಾರೆ. ಅಕ್ಕ ಪ್ರತಿ ವರ್ಷವೂ ಹಸಿರು ಇಳಕಲ್ ಸೀರೆಯುಟ್ಟು, ಯಾವುದೋ ಮದುವೆಗೆ ಹೊರಟವಳ ಹಾಗೆ ಆರಾಮವಾಗಿ ನಡೆದು ಹೋಗುತ್ತಿದ್ದಳು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳ ಹಿಮ್ಮಡಿಯಲ್ಲಿ ಒಂದು ಗಾಯವಾಯಿತು. ಹೊಸಿಲು ತಾಗಿ ಕಿತ್ತ ಚರ್ಮ, ಅಷ್ಟೆ. ಅದು ಮಾಯಲೇ ಇಲ್ಲ. ಡಾಕ್ಟರ್ ಬೆಳ್ಳಿಯಪ್ಪ ರಕ್ತ ಪರೀಕ್ಷೆ ಮಾಡಿಸಿ, ಚೀಟಿಯನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಸುದ್ದಿ ಹೇಳುವ ಮುಂಚೆ ಅವರು ಯಾವಾಗಲೂ ಹಾಗೆಯೇ.

"ತುಂಗಮ್ಮನವರೇ, ಸಕ್ಕರೆ ಕಾಯಿಲೆ ತುಂಬ ಮೇಲೆ ಹೋಗಿದೆ. ಮಾತ್ರೆ ಕೊಡ್ತೀನಿ. ಆದರೆ ಈ ಸಲ ಪಾನಕ ಬೇಡ."

"ಪಾನಕ ಬೇಡ ಅಂದ್ರೆ? ನಾನು ಮೇಲಕ್ಕೆ ಹೋಗ್ಲಾ?"

"ಕುಡಿದರೆ ಈ ಕಾಲು ಉಳಿಯಲ್ಲ ತಾಯಿ. ಕುಡೀದೇ ಇದ್ದರೆ ಕಾಲು ನೆಲಕ್ಕೆ ತಾಗಲ್ಲ, ಗೊತ್ತು ನಂಗೆ. ಎರಡರಲ್ಲಿ ಒಂದು ಆರಿಸ್ಕೊಳ್ಳಿ ಅನ್ನೋಕೆ ಬಾಯಿ ಬರ್ತಾ ಇಲ್ಲ. ಹಗ್ಗ ಕಟ್ಕೊಂಡು ಮನೇಲಿರಿ."

ಬಿಸಿಲು ಆ ವರ್ಷ ಬೇಗ ಬಂತು. ಉಳಿದವರೆಲ್ಲ ಹುಣ್ಣಿಮೆಯ ತನಕ ಮನೆಮಟ್ಟಿಗೆ ಒಂದಿಷ್ಟು ಪಾನಕ ಮಾಡಿಕೊಂಡು ನಡೆಸುತ್ತಿದ್ದೆವು. ಅಕ್ಕ ಮಾತ್ರ ನಡುಮನೆಯ ಕಂಬಕ್ಕೆ ಸೇದುವ ಹಗ್ಗ ಕಟ್ಟಿಸಿಕೊಂಡು ಅಟ್ಟದ ಎತ್ತರದಲ್ಲಿ ನಿಂತಳು. ನಿಂತಳು ಎನ್ನುವುದೂ ತಪ್ಪು, ತೇಲಿದಳು. ಅಲ್ಲಿಂದಲೇ ಹುರುಳಿಕಾಳು ಆರಿಸುತ್ತಿದ್ದಳು, ಮೊರವನ್ನು ಜಂತೆಗೆ ಕಟ್ಟಿಕೊಟ್ಟಿದ್ದೆ. ಅಲ್ಲಿಂದಲೇ ಅಡುಗೆ ಹೇಳಿಕೊಡುತ್ತಿದ್ದಳು. "ಸುಲೂ, ಸಾರಿಗೆ ಇನ್ನೊಂಚೂರು ಹುಳಿ ಬೇಕು. ಹಬೇಲೇ ಗೊತ್ತಾಗ್ತಿದೆ."

ಹೆಂಚಿನ ಕೆಳಗಿನ ಸೆಕೆ ಹೇಗಿರುತ್ತದೆಂದು ಯೋಚಿಸಿ ನೋಡಿ. ಪಕ್ಕದ ಮನೆಯ ಗುಲ್ಜಾರ್‌ಬಿ ಯಾರೂ ಕೇಳದೆಯೇ ದಿನವೂ ಎರಡು ಹೊತ್ತು ಏಣಿ ಹಾಕಿ ನಮ್ಮ ಮಾಡಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ ಹೋಗುತ್ತಿದ್ದಳು. ಡಾಕ್ಟರು ಗಾಯ ನೋಡಲು ಬಂದರೆ ಅಕ್ಕನನ್ನು ಹಗ್ಗ ಹಿಡಿದು ಎಳೆಸುತ್ತಿರಲಿಲ್ಲ. ತಾವೇ ಉಸ್ಸಪ್ಪಾ ಎಂದು ಅಟ್ಟ ಹತ್ತಿ, ಹೊಟ್ಟೆಯ ಮೇಲೆ ಮಲಗಿ, ಅಕ್ಕನ ಮುಖಕ್ಕೆ ಮುಖ ಸಮನಾಗಿಟ್ಟುಕೊಂಡು ಮಾತಾಡುತ್ತಿದ್ದರು. ಅವರ ಬಿಳಿ ಅಂಗಿಗೆ ಹತ್ತಿದ ಅಟ್ಟದ ಮಸಿಯನ್ನು ನಾನು ನೋಡಿದರೂ ನೋಡದ ಹಾಗೆ ಇರುತ್ತಿದ್ದೆ.

ಒಂದು ಸಂಜೆ ಮಿಠಾಯಿ ಅಂಗಡಿಯ ಕಾಳಿಂಗಯ್ಯ ಬಾಗಿಲಲ್ಲಿ ನಿಂತು ಕತ್ತೆತ್ತಿ ಮಾತಾಡಿದರು. "ತುಂಗಮ್ಮನೋರೇ, ಹುಣ್ಣಿಮೆ ಹತ್ರ ಬಂತು. ಬೀದಿ ಜನ ಕೇಳ್ತಾ ಅವ್ರೆ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಈ ಸಲ ಹಂಡೆ ನಮ್ಮ ಅಂಗಡೀಲೇ ಇಡ್ತೀನಿ. ಜಾಮೂನಿನ ಪಾಕ ದಂಡಿಯಾಗಿದೆ. ಅದನ್ನೇ ಬೆರೆಸಿದ್ರೆ ಆನೆನೂ ಅಲ್ಲಾಡಲ್ಲ."

"ನಡೆದು ತೋರಿಸೋರು ಯಾರು? ನೀವಾ?" ಎಂದಳು ಅಕ್ಕ ಮೇಲಿನಿಂದ. "ಕಾಳಿಂಗಯ್ಯ, ನಿಮ್ಮ ಹೊಟ್ಟೆ ನೋಡಿದ್ರೆ ನೀವು ಪಾನಕ ಕುಡೀದೇನೂ ಬಯಲು ದಾಟ್ತೀರಿ. ಅದು ಪರೀಕ್ಷೆ ಆಗಲ್ಲ."

ಅವರು ನಗುತ್ತ ಹೋದರು. ಅವರದ್ದೂ ಕೆಟ್ಟ ಮನಸ್ಸಲ್ಲ. ಹೋಗುವಾಗ ಹಗ್ಗದ ಗಂಟನ್ನು ಎರಡು ಸಲ ಎಳೆದು ನೋಡಿ, ಭದ್ರವಿದೆ ಎಂದು ಖಾತ್ರಿ ಮಾಡಿಕೊಂಡೇ ಹೋದದ್ದು. ಆದರೆ ಅವರು ಹೋದ ಮೇಲೆ ಅಕ್ಕನ ಧ್ವನಿ ಬದಲಾಯಿತು. "ಸುಲೂ, ಬಯಲಲ್ಲಿ ನಡೀದೇ ಇರೋ ತುಂಗ ಯಾವ ತುಂಗ? ಕಾಲು ಹೋದ್ರೆ ಹೋಗ್ಲಿ, ಹುಣ್ಣಿಮೆ ದಿನ ಒಂದೇ ಒಂದು ಲೋಟ ಕುಡಿದುಬಿಡ್ತೀನಿ. ನೀನು ಡಾಕ್ಟರಿಗೆ ಹೇಳ್ಬೇಡ."

ಅಡುಗೆಮನೆಗೆ ಹೋಗಿ ಬೇಲದ ಹಣ್ಣಿನ ಬುಟ್ಟಿಯ ಮುಂದೆ ಕೂತೆ. ಅಕ್ಕ ಕುಡಿಯಬಹುದಾದ ಪಾನಕ ಒಂದನ್ನು ಹುಣ್ಣಿಮೆಯೊಳಗೆ ನಾನೇ ಮಾಡಬೇಕು, ಇಲ್ಲದಿದ್ದರೆ ಅವಳು ಹಳೆಯದನ್ನೇ ಕುಡಿಯುತ್ತಾಳೆ. ಯಾವ ಕಾಲದಲ್ಲೋ ಓದಿದ ವಿದ್ಯೆ ಇದಕ್ಕಲ್ಲದೆ ಇನ್ನು ಯಾವುದಕ್ಕೆ?

ಮೊದಲು ಹೆಂಡದ ಕಡೆ ನೋಡಿದೆ. ಬೆಳಗಿನ ಹೊಸ ಹೆಂಡ ಸಿಹಿ; ಎರಡು ದಿನ ಇಟ್ಟದ್ದು ತನ್ನ ಸಿಹಿಯನ್ನೆಲ್ಲ ಹುಳಿ ಮಾಡಿಕೊಂಡಿರುತ್ತದೆ. ಹಾಗಾಗಿ ಹುಳಿಹೆಂಡವೇ ಇರಲಿ, ಅದೂ ಅರ್ಧ ಪಾಲು ಬೇಡ, ಲೋಟಕ್ಕೆ ಒಂದು ಚಮಚ, ಘಮಕ್ಕೆ ಮಾತ್ರ ಎಂದುಕೊಂಡೆ. ಡಾಕ್ಟರೂ ಒಪ್ಪಿದರು. ಇನ್ನು ಬೆಲ್ಲ. ಅರ್ಧ ಮಾಡಿದೆ. ಅಕ್ಕನಿಗೆ ಕೊಡುವ ಮುಂಚೆ ನನ್ನ ಮೇಲೆಯೇ ಪ್ರಯೋಗ. ಒಂದು ಲೋಟ ಕುಡಿದು ನಡುಮನೆಯಲ್ಲಿ ನಿಂತೆ. ಬಿಸಿಲೇರುತ್ತಿದ್ದಂತೆ ಮೆಲ್ಲಗೆ ಎದ್ದು ಹೋಗಿ ಅಕ್ಕನ ಪಕ್ಕದ ಜಂತೆಗೆ ತಲೆ ತಾಗಿಸಿಕೊಂಡೆ.

"ಬಾ, ಬಾ. ಒಬ್ಬಳೇ ಬೇಜಾರಾಗಿತ್ತು" ಎಂದಳು ಅಕ್ಕ.

ಗುಲ್ಜಾರ್‌ಬಿ ಬಂದು ದೋಟಿಯಿಂದ ನನ್ನ ಸೊಂಟದ ಸೆರಗಿಗೆ ಕೊಕ್ಕೆ ಹಾಕಿ ಇಳಿಸಿದಳು. ಬೆಲ್ಲ ಬಿಟ್ಟು ಖರ್ಜೂರ ಹಾಕಿ ನೋಡಿದೆ. ಡಾಕ್ಟರು ಅದೂ ಬೇಡವೆಂದರು. ಸೈಂಧವ ಉಪ್ಪು ಹಾಕಿದೆ, ಶುಂಠಿ ಹಾಕಿದೆ, ನೆಲನೆಲ್ಲಿ ಅರೆದು ಹಾಕಿದೆ, ಹೆಸರಿನಲ್ಲೇ ನೆಲ ಇದೆಯಲ್ಲ ಎಂಬ ಆಸೆಯಿಂದ. ಪ್ರತಿ ಸಲವೂ ನಾನು ಜಂತೆಗೆ, ಗುಲ್ಜಾರ್‌ಬಿ ದೋಟಿಗೆ. "ಸುಲೋಚನಮ್ಮಾ, ನಾಳೆ ಎಷ್ಟೊತ್ತಿಗೆ ಹಾರ್ತೀರಿ ಹೇಳಿಬಿಡಿ, ನಾನು ರೊಟ್ಟಿ ಬೇಗ ಮಾಡಿ ಮುಗಿಸ್ತೀನಿ" ಎಂದಳು ಅವಳು. ನನ್ನ ನೆತ್ತಿಯಲ್ಲಿ ಎದ್ದ ಬುಗುಟಿಗೆ ತಾನೇ ಅರಿಸಿನ ಹಚ್ಚಿ ಹೋದಳು.

ಹುಣ್ಣಿಮೆಗೆ ಇನ್ನೇನು ನಾಲ್ಕಾರು ದಿನ ಇದೆ ಎನ್ನುವಾಗ ನಾನು ಸೋತು ಹಿತ್ತಿಲ ಬಾಗಿಲಲ್ಲಿ ಕೂತಿದ್ದೆ. ಗೋಡೆಯಾಚೆ ಗುಲ್ಜಾರ್‌ಬಿಯ ಆಡುಗಳು. ನಮ್ಮೂರ ಆಡುಗಳನ್ನು ಬೇಸಿಗೆಯಲ್ಲಿ ನೋಡಬೇಕು. ಗೂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಗಾಳಿಪಟದ ಹಾಗೆ ತೇಲುತ್ತ, ಮೇಲೆಯೇ ಮೆಲುಕು ಹಾಕುತ್ತಿರುತ್ತವೆ. ದನಕ್ಕೆ, ಆಡಿಗೆ ಯಾರು ಪಾನಕ ಮಾಡಿ ಹಾಕುತ್ತಾರೆ? ಆದರೆ ಅವಳ ಮುದಿ ಆಡು, ಬುಡ್ಡಿ ಎಂದು ಕರೆಯುವುದು, ಅದೊಂದು ಮಾತ್ರ ನೆಲದ ಮೇಲೆ ನಾಲ್ಕೂ ಕಾಲೂರಿ ನಿಂತಿತ್ತು. ಹಗ್ಗವೂ ಇಲ್ಲ. ವರ್ಷಗಳಿಂದ ಅದು ಹಾಗೆಯೇ. ಬುಡ್ಡಿಗೆ ಹಠ ಜಾಸ್ತಿ, ಅದು ಸೂರ್ಯನಿಗೂ ಜಗ್ಗುವುದಿಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ಎಲ್ಲರೂ ನಕ್ಕು ಮುಗಿಸಿದ ಸಂಗತಿಯನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ.

ಆವತ್ತು ನೋಡಿದೆ. ಬುಡ್ಡಿಯ ಗಡ್ಡದಲ್ಲಿ ಕಂದು ಬಣ್ಣದ ನಾರು ಅಂಟಿತ್ತು.

"ಗುಲ್ಜಾರ್‌ಬೀ, ಇದಕ್ಕೆ ಬೇರೆ ಏನಾದ್ರೂ ಹಾಕ್ತೀಯಾ?"

"ಎಲ್ಲಕ್ಕೂ ಒಂದೇ ಸೊಪ್ಪಮ್ಮಾ. ನಿಮ್ಮನೆ ಗೋಡೆ ಮುರಿದಿದೆ ನೋಡಿ, ಅಲ್ಲಿ ನುಗ್ಗಿ ಬಂದು ನೀವು ಚೆಲ್ಲಿದ ಹಿಪ್ಪೆ ತಿಂತದೆ. ಉಳಿದವು ಕಟ್ಟಿರ್ತವಲ್ಲ, ಅವಕ್ಕೆ ಸಿಗಲ್ಲ. ಯಾಕೆ, ಬೈಬೇಕಾ ಅದಕ್ಕೆ?"

ನಾನು ಒಳಗೆ ಓಡಿದೆ. ಬೆಳಗ್ಗೆ ಸೋಸಿಟ್ಟ ಹಿಪ್ಪೆ ಇನ್ನೂ ಬಟ್ಟೆಯಲ್ಲಿಯೇ ಇತ್ತು. ಬೆಲ್ಲ ಸೋಕುವ ಮುಂಚೆಯೇ ಹಿಂಡಿ ತೆಗೆದದ್ದು, ನಾಲಿಗೆಗೆ ಒಂದಿಷ್ಟೂ ಸಿಹಿಯಿಲ್ಲ. ತಂದು, ತೇಲುತ್ತಿದ್ದ ಒಂದು ಎಳೆಯ ಆಡನ್ನು ಹಗ್ಗದಿಂದ ಜಗ್ಗಿ ಅದರ ಬಾಯಿಗೆ ಹಿಡಿದೆ. ಅದು ಮೂಸಿ, ಮುಖ ತಿರುಗಿಸಿ, ಮತ್ತೆ ಮೂಸಿ ತಿಂದಿತು. ಮೊದಲು ಹಗ್ಗ ಸಡಿಲವಾಯಿತು. ಆಮೇಲೆ ಹಿಂಗಾಲು, ಆಮೇಲೆ ಮುಂಗಾಲು. ಆಡು ನೆಲದ ಮೇಲೆ ನಿಂತು, ಇದೇನು ಹೊಸದು ಎಂಬಂತೆ ನಮ್ಮನ್ನು ನೋಡಿ ಮ್ಯಾ ಎಂದಿತು. ಗುಲ್ಜಾರ್‌ಬಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಭಾರ ಸಿಹೀಲಿ ಇರ್ಲಿಲ್ಲಮ್ಮಾ" ಎಂದಳು ಪಿಸುದನಿಯಲ್ಲಿ.

ಅಕ್ಕನಿಗೆ ಹೇಳಿದಾಗ ಅವಳು ಕೆಂಡವಾದಳು. "ಹಿಪ್ಪೆ ಸಮೇತ ಕೊಡೋದಾ? ಬೀದಿ ಜನಾನ ನಾನೇನು ಆಡು ಅಂದ್ಕೊಂಡಿದೀನಾ? ನಮ್ಮತ್ತೆ ದಪ್ಪ ಪಂಚೆ ತುಂಡಲ್ಲಿ ಸೋಸೋರು, ಬಾಯಿಗೆಲ್ಲ ನಾರು ಬರೋದು. ಯಾರ ಗಂಟಲಿಗೂ ಚುಚ್ಚಬಾರದು ಅಂತ ನಾನು ತೆಳ್ಳನೆ ಮಲ್ಲು ಬಟ್ಟೆ ಮೂರು ಮಡಿಕೆ ಮಾಡಿ ಸೋಸ್ದೋಳು. ನನ್ನ ಪಾನಕದಲ್ಲಿ ಒಂದು ಎಳೆ ನಾರು ಸಿಕ್ಕಿತು ಅಂತ ಇವತ್ತಿನ ತನಕ ಯಾರೂ ಅಂದಿಲ್ಲ!"

ಹೇಳುತ್ತ ಹೇಳುತ್ತ ಅವಳೇ ನಿಲ್ಲಿಸಿದಳು. ಹಗ್ಗ ಒಮ್ಮೆ ಜೀಕಿತು. ನನಗೆ ಅರ್ಥವಾದದ್ದು ಅವಳಿಗೂ ಆಗಿತ್ತು. ಬಟ್ಟೆ ನಯವಾದಂತೆಲ್ಲ ಪಾನಕ ಹಗುರವಾಗಿತ್ತು. ಪಾನಕ ಹಗುರವಾಯಿತೆಂದು ಎಲ್ಲರೂ ಬೆಲ್ಲ ಹೆಚ್ಚಿಸಿದ್ದೆವು.

"ಹಾಗಾದ್ರೆ ಸುಲೂ, ಇಷ್ಟು ವರ್ಷ ನಾನು ಭಾರಾನ ಹಿತ್ತಿಲಿಗೆ ಚೆಲ್ಲಿ ಊರಿಗೆ ಬರೀ ಬೆಲ್ಲ ಕುಡಿಸ್ದೆ ಅಂತೀಯಾ?"

"ಬರೀ ಬೆಲ್ಲ ಅಲ್ಲಕ್ಕ. ಮೂರು ಮಡಿಕೆ ದಾಟಿಯೂ ಒಂದಿಷ್ಟು ಇಳೀತಿತ್ತಲ್ಲ, ಬೆಲ್ಲದ ಅಂಟು ಅದನ್ನ ತಳ ಸೇರದ ಹಾಗೆ ಹಿಡಿದಿಡ್ತಿತ್ತು, ಅದರಲ್ಲೇ ಬೀದಿ ನಿಂತಿತ್ತು. ಬೆಲ್ಲ ಕಡಿಮೆ ಮಾಡಿದಾಗ ನಾನು ಹಾರಿದ್ದು ಅದಕ್ಕೇ. ನೀವು ಅವರ ಗಂಟಲು ನೋಡಿದ್ರಿ, ಅಷ್ಟೆ. ಈಗ ಕಾಲು ನೋಡೋಣ."

ಹುರುಳಿಕಾಳು ಒಂದೊಂದಾಗಿ ಮೊರದಲ್ಲಿ ಸದ್ದು ಮಾಡುತ್ತಿತ್ತು. ಆಮೇಲೆ ಮೇಲಿನಿಂದ, ಯಾವತ್ತಿನ ಅಡುಗೆಮನೆಯ ಧ್ವನಿಯಲ್ಲಿ, "ಹಾಗೇ ಕೊಟ್ರೆ ಗಂಟಲಲ್ಲಿ ಇಳಿಯಲ್ಲ. ಸೋಸ್ಬೇಡ, ಒರಳಲ್ಲಿ ಹಾಕು. ಬೆಣ್ಣೆ ಹಾಗೆ ನುಣ್ಣಗೆ ಆಗೋ ತನಕ ತಿರುವು. ಹುರಿದ ಜೀರಿಗೆ, ನಾಲ್ಕು ಮೆಣಸು ಜೊತೇಲಿ ಹಾಕು. ನೀನು ಅರ್ಧಕ್ಕೇ ಬಿಡ್ತೀಯ, ನಂಗೊತ್ತು. ಗುಲ್ಜಾರನ್ನ ಕರಿ" ಎಂದಳು.

ಗುಲ್ಜಾರ್‌ಬಿ ಗುಂಡು ತಿರುವಿದಳು, ನಾನು ತಳ್ಳಿಕೊಟ್ಟೆ, ಅಕ್ಕ ಮೇಲಿನಿಂದ ಉಸ್ತುವಾರಿ ನೋಡಿದಳು. ಅರೆದ ತಿರುಳಿಗೆ ತಣ್ಣೀರು, ನಿಂಬೆರಸ, ಚಿಟಿಕೆ ಸೈಂಧವ, ಹುಳಿಹೆಂಡ ಒಂದು ಚಮಚ. ಬೆಲ್ಲ ಹಾಕಲೇ ಇಲ್ಲ. ಬಣ್ಣ ಕೆರೆಯ ಕೆಸರಿನಂತಿತ್ತು. ಲೋಟವನ್ನು ಕೋಲಿಗೆ ಕಟ್ಟಿ ಮೇಲೆ ಕೊಟ್ಟೆವು. ಅಕ್ಕ ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಥೂ, ಕಷಾಯದಪ್ಪನ ಹಾಗಿದೆ." ಇನ್ನೊಂದು ಗುಟುಕು. "ಹಿಂದುಗಡೆ ರುಚಿ ಚೆನ್ನಾಗಿದೆ, ಏನದು, ಮೆಣಸಾ?" ಲೋಟ ಮುಗಿಯುವ ಹೊತ್ತಿಗೆ ಅವಳ ಸೀರೆಯ ನೆರಿಗೆಗಳು ಇಳಿಬಿದ್ದವು. ಆಮೇಲೆ ಹೆಬ್ಬೆರಳು ನೆಲ ಹುಡುಕಿತು. ಗಾಯದ ಹಿಮ್ಮಡಿಯನ್ನು ಮಾತ್ರ ಮೆಲ್ಲಗೆ, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಊರಿದಳು. ಮನೆಯ ನೆಲದ ಮೇಲೆ ನಿಂತು ಸುತ್ತ ನೋಡಿ ಅವಳು ಹೇಳಿದ ಮೊದಲ ಮಾತು: "ಸುಲೂ, ನೀನು ಮೂಲೆ ಗುಡಿಸೋದೇ ಇಲ್ವಾ?"

ಡಾಕ್ಟರು ಎರಡು ದಿನ ಅದನ್ನೇ ಕುಡಿಸಿ, ರಕ್ತ ಪರೀಕ್ಷೆ ಮಾಡಿ, ಕನ್ನಡಕ ಒರೆಸಿಕೊಳ್ಳದೆಯೇ ಮಾತಾಡಿದರು. "ಕುಡೀರಿ ತಾಯಿ. ಇದು ನಡೆಯುತ್ತೆ." ಆದರೆ ಅದು ಮನೆಯೊಳಗಿನ ಮಾತು. ತಲೆಯ ಮೇಲೆ ಸೂರಿರುವಾಗ ನೆಲದಲ್ಲಿ ನಿಲ್ಲುವುದು ಬೇರೆ, ಬಾವಿಬಯಲಿನ ಬರಿ ಆಕಾಶದ ಕೆಳಗೆ ನಿಲ್ಲುವುದು ಬೇರೆ. ಅಲ್ಲಿ ಹಿಡಿತ ತಪ್ಪಿದರೆ ತಡೆಯಲು ಜಂತೆಯಿಲ್ಲ. ಹಳೆಯ ಪಾನಕಕ್ಕೆ ಊರಿನ ಎಷ್ಟೋ ಬೇಸಿಗೆಗಳ ಸಾಕ್ಷಿಯಿತ್ತು. ನನ್ನ ಕೆಸರು ನೀರಿಗೆ ಎರಡು ಆಡುಗಳ ಸಾಕ್ಷಿ.

ಹುಣ್ಣಿಮೆಯ ದಿನ ಬೆಳಗಿನಿಂದಲೂ ಒರಳು ನಿಲ್ಲಲಿಲ್ಲ. ಹಂಡೆ ತುಂಬಿಸಿ, ಅಕ್ಕನ ಹಸಿರು ಸೀರೆಗೆ ಇಸ್ತ್ರಿ ಮಾಡಿ, ಅವಳ ಹಿಮ್ಮಡಿಗೆ ಹೊಸ ಪಟ್ಟಿ ಕಟ್ಟಿದೆ. ನನ್ನ ಪಾಲಿನ ಲೋಟವನ್ನು, ಹಿಂದಿನ ಸಂಜೆ ಕುಡಿದದ್ದು ಇನ್ನೂ ಹಿಡಿದಿದೆ, ಆಮೇಲೆ ಕುಡಿದರಾಯಿತೆಂದು ಕಿಟಕಿಯ ಮೇಲಿಟ್ಟೆ.

ಸಂಜೆ ಬಯಲಿಗೆ ಹೋದರೆ ಬೀದಿಗೆ ಬೀದಿಯೇ ಬಂದಿತ್ತು. ಎಲ್ಲರ ಕೈಯಲ್ಲೂ ಚೊಂಬು ಇರಬೇಕಿತ್ತು. ಆದರೆ ಆವತ್ತು ಎಲ್ಲರ ಕೈಯಲ್ಲೂ ದೋಟಿ. ತರಕಾರಿಯವಳು ಒಂದು ದೋಟಿ ಹಿಡಿದಿದ್ದಳು, ಗುಲ್ಜಾರ್‌ಬಿ ತನ್ನದಕ್ಕೆ ಇನ್ನೊಂದು ಬಿದಿರು ಜೋಡಿಸಿ ಉದ್ದ ಮಾಡಿ ತಂದಿದ್ದಳು. ಡಾಕ್ಟರ್ ಬೆಳ್ಳಿಯಪ್ಪನವರೂ ಹೊಸ ದೋಟಿಯೊಂದನ್ನು ಬಂದೂಕಿನ ಹಾಗೆ ಹೆಗಲಿಗೆ ಆನಿಸಿಕೊಂಡು ನಿಂತಿದ್ದರು. ಬಯಲಿನ ಎರಡೂ ಅಂಚಿನಲ್ಲಿ ಉದ್ದಕ್ಕೂ ಜನ. ಯಾರೂ ಯಾರಿಗೂ ಹೇಳಿಕೊಟ್ಟಂತಿರಲಿಲ್ಲ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಏನ್ರಯ್ಯಾ ಇದು? ಎಲ್ಲರೂ ಎಲ್ಲಿಗೆ ಹೊರಟ್ರಿ?"

"ಮಾವಿನಕಾಯಿ ಕೀಳೋಣ ಅಂತ" ಎಂದರು ಕಾಳಿಂಗಯ್ಯ. ಗುಲ್ಜಾರ್‌ಬಿಯದನ್ನು ಬಿಟ್ಟರೆ ಅವರ ದೋಟಿಯೇ ಎಲ್ಲಕ್ಕಿಂತ ಉದ್ದವಾಗಿತ್ತು.

"ಈ ಬಯಲಲ್ಲಿ ಯಾವ ಮಾವಿನ ಮರ ಇದೆ?"

"ಬರೋ ಹಾದೀಲಿ ಕಿತ್ತುಕೊಂಡು ಬಂದ್ವಿ ತಾಯಿ, ಹೋಗೋ ಹಾದೀಲೂ ಕೀಳೋದಿದೆ. ನೀವು ನಡೀರಿ, ಹೊತ್ತಾಯ್ತು. ಅದೇನು ಲೋಟದಲ್ಲಿ? ಕೆಸರು ನೀರಾ?"

"ಕುಡಿದು ನೋಡಿ ಆಮೇಲೆ ಮಾತಾಡಿ" ಎಂದು ಅಕ್ಕ ಒಂದೇ ಉಸಿರಿಗೆ ಲೋಟ ಮುಗಿಸಿ, ಬಾಯಿ ಒರೆಸಿಕೊಂಡು, ಬಯಲಿಗೆ ಕಾಲಿಟ್ಟಳು.

ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಗಾಯದ ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು, ಅಷ್ಟೆ. ಅವಳು ಮುಂದೆ ಹೋದ ಹಾಗೆ ಅಂಚಿನ ಜನವೂ ಅವಳ ಜೊತೆಜೊತೆಗೆ ಸರಿಯುತ್ತಿದ್ದರು, ದೋಟಿಗಳು ಮೆಲ್ಲಗೆ ಅಲುಗುತ್ತಿದ್ದವು. ನಡುಬಯಲಿಗೆ ಬಂದಾಗ ಬಿಸಿ ಗಾಳಿ ಒಂದು ಬೀಸಿತು. ಹಸಿರು ಸೆರಗು ಪಟಪಟ ಎಂದು ಎದ್ದಿತು. ಒಂದು ಕಾಲು, ಗಾಯವಾದ ಕಾಲು, ನೆಲ ಬಿಟ್ಟದ್ದು ಕಂಡಿತು. ಅಂಚಿನ ದೋಟಿಗಳು ಒಳಕ್ಕೆ ಬಾಗಿದವು. ಅವಳು ಆ ಕಾಲನ್ನು ಹಾಗೆಯೇ ಮಡಿಸಿ ಹಿಡಿದು, ಪಟ್ಟಿಗೆ ಅಂಟಿಕೊಂಡಿದ್ದ ಒಂದು ನೆಗ್ಗಿಲ ಮುಳ್ಳನ್ನು ಬಗ್ಗಿ ಕಿತ್ತೆಸೆದು, ಮತ್ತೆ ಊರಿ ನಡೆದಳು.

ನನಗೆ ಎಲ್ಲವೂ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಕಾಳಿಂಗಯ್ಯನವರ ಬೋಳುತಲೆ, ಡಾಕ್ಟರ ಟೋಪಿಯ ಮೇಲಿನ ಧೂಳು, ಅಕ್ಕನ ಬೈತಲೆ, ಬಾವಿಯೊಳಗಿನ ನೀರು, ಎಲ್ಲವೂ. ಅಕ್ಕ ಬಾವಿಕಟ್ಟೆಗೆ ಅಂಗೈ ಬಡಿದು ಮುಟ್ಟಿದಳು. ನಾನು ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟಲಿಲ್ಲ. ಅಕ್ಕ ಹಿಂತಿರುಗಿದಳು. ಜನರೆಲ್ಲ ಅವಳನ್ನು ನೋಡುವುದು ಬಿಟ್ಟು ಕತ್ತೆತ್ತಿ ನನ್ನನ್ನು ನೋಡುತ್ತಿದ್ದರು.

ಬಾವಿಯೊಳಗಿನ ನೀರು ನನಗೆ ಹೇಗೆ ಕಂಡಿತು ಎಂದು ಆಗ ಹೊಳೆಯಿತು. ಕಿಟಕಿಯ ಮೇಲಿನ ಲೋಟವೂ ಆಗಲೇ ನೆನಪಾಯಿತು.

"ಅಯ್ಯೋ, ಓದಿದವಳೇ!" ಎಂದು ಕೂಗಿದಳು ಅಕ್ಕ.

ದೋಟಿಗಳೆಲ್ಲ ಒಟ್ಟಿಗೆ ಎದ್ದವು. ನಾಲ್ಕು ಒಂದಕ್ಕೊಂದು ಸಿಕ್ಕಿಕೊಂಡವು, ಒಂದು ಡಾಕ್ಟರ ಟೋಪಿಯನ್ನು ಹಾರಿಸಿತು. ಗಾಳಿ ನನ್ನನ್ನು ಬಾವಿಯ ಕಡೆಗೆ ಒಯ್ಯುತ್ತಿತ್ತು. ಗುಲ್ಜಾರ್‌ಬಿಯ ಉದ್ದನೆಯ ದೋಟಿ ಒಂದೇ ನನ್ನ ಸೆರಗಿನ ತನಕ ಬಂದು, ಕೊಕ್ಕೆ ತಾಗಿ, ಹಿಡಿಯಿತು. ಆದರೆ ನನ್ನನ್ನು ಎಳೆಯುವ ಬದಲು ಅವಳೇ ತುದಿಗಾಲಲ್ಲಿ ಎದ್ದಳು. ಬೆಳಗಿನಿಂದ ನನ್ನ ಜೊತೆ ಒರಳು ತಿರುವಿದವಳು ಅವಳು. ತನ್ನ ಲೋಟವನ್ನೂ ಅದೇ ಕಿಟಕಿಯ ಮೇಲೆ ಬಿಟ್ಟು ಬಂದಿದ್ದಳೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅಕ್ಕ ಬಾವಿಕಟ್ಟೆಯ ಮೇಲೆ ಹತ್ತಿ ನಿಂತು, ಎಡಗೈಯಲ್ಲಿ ದೋಟಿಯ ಬಿದಿರು ಹಿಡಿದು ಕೆಳಕ್ಕೆ ಜಗ್ಗಿ, ಕೈಗೆ ಎಟುಕಿದ ನನ್ನ ಕಣಕಾಲನ್ನು ಬಲಗೈಯಲ್ಲಿ ಹಿಡಿದಳು. ಗಾಳಿ ನನ್ನನ್ನೂ ಗುಲ್ಜಾರ್‌ಬಿಯನ್ನೂ ಜಗ್ಗಿತು. ಅಕ್ಕ ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ಹಗ್ಗ ಕಟ್ಟಿದ ಕಂಬದ ಹಾಗೆ ನಿಂತು, ಸೇದಿದ ಕೊಡವನ್ನು ಇಳಿಸಿಕೊಳ್ಳುವವಳಂತೆ ನಮ್ಮಿಬ್ಬರನ್ನೂ ಕೈಮೇಲೆ ಕೈ ಹಾಕಿ ಇಳಿಸಿಕೊಂಡಳು.

"ಇಳಿಯೇ ಸುಲೂ. ಇಳಿ. ನಾನು ಹಿಡ್ಕೊಂಡಿದೀನಿ" ಎಂದಳು. ಬೈಯುವ ಧ್ವನಿಯಲ್ಲಿಯೇ ಹೇಳಿದಳು, ಆದರೆ ಕಣಕಾಲು ಹಿಡಿದ ಕೈ ಬೇರೆಯೇ ಮಾತಾಡುತ್ತಿತ್ತು.

ಕಾಳಿಂಗಯ್ಯ ತಮ್ಮ ದೋಟಿಯನ್ನು ನೆಲದ ಮೇಲೆ ಮಲಗಿಸಿ, ಬಾವಿಕಟ್ಟೆಯ ಪಕ್ಕಕ್ಕೆ ಹೊರಿಸಿ ತಂದಿದ್ದ ಹಂಡೆಯ ಹತ್ತಿರ ಹೋದರು. ಚೊಂಬು ತಂದಿರಲಿಲ್ಲ, ಎರಡೂ ಕೈ ಸೇರಿಸಿ ಬೊಗಸೆ ಮಾಡಿ ಒಡ್ಡಿದರು. "ಹಾಕಿ ತಾಯಿ. ತಳದ್ದು ಕದಡಿ ಹಾಕಿ. ಹಿಪ್ಪೆ ಒಂಚೂರೂ ಬಿಡ್ಬೇಡಿ."

"ಸಿಹಿ ಇಲ್ಲ ಇದರಲ್ಲಿ, ಕಾಳಿಂಗಯ್ಯ."

"ಸಿಹಿ ನನ್ನ ಅಂಗಡೀಲಿ ಬೇಕಾದಷ್ಟಿದೆ" ಎಂದು ಅವರು ಬೊಗಸೆಯನ್ನು ಇನ್ನೂ ಮುಂದಕ್ಕೆ ಚಾಚಿದರು.

ಅಕ್ಕ ಸೌಟಿನಿಂದ ಹಂಡೆಯ ತಳ ಕದಡಿ, ಮೊದಲ ಸೌಟನ್ನು ಅವರಿಗೆ ಹಾಕಲಿಲ್ಲ. ಒಂದು ಲೋಟಕ್ಕೆ ಬಗ್ಗಿಸಿ ನನ್ನ ಕೈಗಿಟ್ಟಳು, ಎರಡನೆಯದನ್ನು ಗುಲ್ಜಾರ್‌ಬಿಗೆ. ನಾನು ಕೊನೆಯ ಹನಿ ಕುಡಿದು ಮುಗಿಸುವ ತನಕ ನನ್ನ ಸೆರಗಿನ ತುದಿಯನ್ನು ಅವಳು ತನ್ನ ಕಾಲಿನ ಕೆಳಗೆ, ಪಟ್ಟಿ ಕಟ್ಟಿದ ಹಿಮ್ಮಡಿಯ ಕೆಳಗೆ, ಸುಕ್ಕಾಗದಂತೆ ಮೆಟ್ಟಿಕೊಂಡು ನಿಂತಿದ್ದಳು.